ಇಸ್ಪೀಟಿನ ಎಲೆ, ಮಾಜಾಂಗ್ ಬಿಲ್ಲೆ: ಇವು ನಾಳೆಯನ್ನು ಬಲ್ಲವೆ?

ಚೀನಾ ದೇಶದಲ್ಲಿ ಮಾಜಾಂಗ್ ಎಂಬ ಆಟವೊಂದು ಬಹು ಜನಪ್ರಿಯವಾಗಿದೆ. ನಾಲ್ವರು ಚೌಕನೆಯ ಮೇಜಿನ ಸುತ್ತ ಕುಳಿತು, 144 ಬಿಲ್ಲೆಗಳನ್ನು ಮುಖ ಕೆಳಗಾಗುವಂತೆ ಹರಡಿ, ಎಂಟು ಕೈಗಳಿಂದಲೂ ಅವನ್ನು ಸುತ್ತಿಸುತ್ತ ಕಲಸುತ್ತಾರೆ. ಚೀನೀಯರು ಇದನ್ನು ಬಿಲ್ಲೆಗಳನ್ನು 'ತೊಳೆಯುವುದು' ಎನ್ನುತ್ತಾರೆ. ಆಟದ ಹೆಸರಿಗೆ ಗುಬ್ಬಚ್ಚಿ ಎಂಬ ಅರ್ಥವುಂಟು. ತೊಳೆಯುವಾಗ ಬಿಲ್ಲೆಗೆ ಬಿಲ್ಲೆ ತಾಗಿ ಹೊರಡುವ ಸದ್ದು ಗುಬ್ಬಚ್ಚಿಗಳ ಹಿಂಡಿನ ಗಲಭೆಯಂತಿರುವುದೇ ಈ ಹೆಸರಿಗೆ ಕಾರಣವೆಂದು ಹೇಳುವವರಿದ್ದಾರೆ. ಆ ಸದ್ದನ್ನು ಒಮ್ಮೆ ಕೇಳಿದವರು ಈ ವಿವರಣೆಯನ್ನು ಸುಲಭವಾಗಿ ತಳ್ಳಿಹಾಕಲಾರರು.

ಆಟಕ್ಕೆಂದು ಹುಟ್ಟಿದ ಈ ಬಿಲ್ಲೆಗಳಿಂದಲೇ ಭವಿಷ್ಯ ನುಡಿಯುವ ಪದ್ಧತಿಯೂ ಇದೆ. ಪ್ರಶ್ನೆ ಕೇಳಲು ಬಂದವನು ಮುಖ ಕಾಣದ ಬಿಲ್ಲೆಗಳಲ್ಲಿ 13ನ್ನು ಆರಿಸಿ ಕೊಡುತ್ತಾನೆ. ನುಡಿಯುವವನು ಅವುಗಳನ್ನು ದಿಕ್ಕುಗಳಿಗೆ ಅನುಗುಣವಾಗಿ ಜೋಡಿಸಿ, ಮಗುಚಿ, ಒಂದೊಂದು ಚಿತ್ರಕ್ಕೂ ಒಂದೊಂದು ಅರ್ಥವನ್ನು ಹೇಳುತ್ತ ಹೋಗುತ್ತಾನೆ. ಇಸ್ಪೀಟಿನ ಎಲೆಗಳನ್ನು ಹರಡಿ ಕಣಿ ಹೇಳುವವರ ಕ್ರಮವೂ ಹೆಚ್ಚುಕಡಿಮೆ ಇದೇ. ಬಿಲ್ಲೆಯಾಗಲಿ ಎಲೆಯಾಗಲಿ ನಾಳೆಯ ಸುದ್ದಿಯನ್ನು ಬಲ್ಲುದೆ? ಇದು ನಗೆಯಾಡಿ ಬಿಡುವ ಪ್ರಶ್ನೆಯಲ್ಲ. ಪರೀಕ್ಷೆಗೆ ಕೂರಬೇಕೆ, ಶಸ್ತ್ರಚಿಕಿತ್ಸೆ ಮಾಡಿಸಬೇಕೆ, ಈ ಸಂಬಂಧವನ್ನು ಒಪ್ಪಬೇಕೆ ಎಂಬ ನಿರ್ಧಾರಗಳನ್ನು ಇಂತಹ ಮೇಜುಗಳ ಮುಂದೆ ಕೈಗೊಳ್ಳುವವರು ಪ್ರಪಂಚದ ಎಲ್ಲ ಕಡೆಗಳಲ್ಲಿಯೂ ಇದ್ದಾರೆ. ಆದುದರಿಂದ ಪ್ರಶ್ನೆಯನ್ನು ಪ್ರಯೋಗಶಾಲೆಯ ಪ್ರಶ್ನೆಯಂತೆಯೇ ಎತ್ತಿಕೊಂಡು ಪರಿಶೀಲಿಸೋಣ.

ಬಿಲ್ಲೆಗಳ ಮೇಲೆ ಏನಿದೆ?

ಮೊದಲು ಬಿಲ್ಲೆಗಳ ಪರಿಚಯ ಆಗಬೇಕು. 144ರಲ್ಲಿ 108 ಬಿಲ್ಲೆಗಳು ಮೂರು ಪಂಗಡಗಳಿಗೆ ಸೇರಿದವು. ಒಂದೊಂದು ಪಂಗಡದಲ್ಲಿಯೂ 1ರಿಂದ 9ರವರೆಗೆ ಅಂಕಗಳಿದ್ದು, ಪ್ರತಿಯೊಂದು ಅಂಕಕ್ಕೂ ನಾಲ್ಕು ಪ್ರತಿಗಳಿರುತ್ತವೆ. ಇವಲ್ಲದೆ ನಾಲ್ಕು ದಿಕ್ಕುಗಳ ಗಾಳಿಗಳಿಗೆ 16 ಬಿಲ್ಲೆಗಳು, ಕೆಂಪು, ಹಸಿರು, ಬಿಳಿ ಎಂಬ ಮೂರು ಬಗೆಗೆ 12 ಬಿಲ್ಲೆಗಳು. ಉಳಿದ 8 ಬಿಲ್ಲೆಗಳ ಮೇಲೆ ಹೂಗಳ ಮತ್ತು ಋತುಗಳ ಚಿತ್ರ. ಈ ಎಂಟು ಒಂದೊಂದೇ ಪ್ರತಿ. ಹಳೆಯ ಬಿಲ್ಲೆಗಳ ಮುಖಭಾಗವನ್ನು ಎಲುಬಿನಿಂದಲೂ ಬೆನ್ನನ್ನು ಬಿದಿರಿನಿಂದಲೂ ಮಾಡಿ, ಬಡಗಿಯು ಪೆಟ್ಟಿಗೆಯ ಮೂಲೆಗಳನ್ನು ಕಚ್ಚಿಸುವಂತೆ ಎರಡನ್ನೂ ಒಂದಕ್ಕೊಂದು ಕಚ್ಚಿಸುತ್ತಿದ್ದರು. ಈಗಿನವು ಕೃತಕ ರಾಳದ ಬಿಲ್ಲೆಗಳು.

ಮೂರು ಪಂಗಡಗಳನ್ನು ಪಾಶ್ಚಾತ್ಯರು ವೃತ್ತ, ಬಿದಿರು, ಅಕ್ಷರ ಎಂದು ಕರೆಯುತ್ತಾರೆ. 'ಬಿದಿರು' ಬಂದರೆ ಬೆಳವಣಿಗೆ, ಬಾಗುವ ಗುಣ, ಚಿಗುರು ಎಂದು ಮುಂತಾಗಿ ಕಣಿ ಹೇಳುವುದು ಸುಲಭವಷ್ಟೆ. ಆದರೆ ಅದು ಬಿದಿರೇ ಅಲ್ಲ! ಮಾಜಾಂಗ್ ಬಿಲ್ಲೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ, ಮಿಂಗ್ ಅರಸರ ಕಾಲದಿಂದಲೂ ಬಳಕೆಯಲ್ಲಿದ್ದ ಕಾಗದದ ಎಲೆಗಳಿಂದ ಹುಟ್ಟಿಕೊಂಡವು. ಆ ಎಲೆಗಳ ಪಂಗಡಗಳು ಹಣದ ಪಂಗಡಗಳು. ಚೀನಾದ ಹಳೆಯ ತಾಮ್ರದ ಕಾಸಿನ ನಡುವೆ ಚೌಕನೆಯ ರಂಧ್ರವಿರುತ್ತಿತ್ತು. ಕಾಸುಗಳನ್ನು ದಾರದಲ್ಲಿ ಪೋಣಿಸಿ ಸರವಾಗಿಡುತ್ತಿದ್ದರು. ವೃತ್ತವೆಂದರೆ ಬಿಡಿ ಕಾಸು. 'ಬಿದಿರು' ಎಂದು ಕಾಣುವುದು ಪೋಣಿಸಿದ ಕಾಸಿನ ಸರ. ಮೂರನೆಯ ಪಂಗಡದ ಅಕ್ಷರಕ್ಕೆ ಹತ್ತು ಸಾವಿರ ಎಂದು ಅರ್ಥ. ಮೂರೂ ಸೇರಿದರೆ ಅಂಗಡಿಯ ಗಲ್ಲಾಪೆಟ್ಟಿಗೆ!

ಕೆಂಪು, ಹಸಿರು, ಬಿಳಿ ಬಿಲ್ಲೆಗಳ ಕಥೆಯೂ ಇಂತಹುದೇ. ಇಂಗ್ಲಿಷಿನಲ್ಲಿ ಇವಕ್ಕೆ 'ಡ್ರ್ಯಾಗನ್' ಎಂದು ಹೆಸರು. ಚೀನೀಯರು ಹಾಗೆ ಕರೆಯುವುದಿಲ್ಲ. ಕೆಂಪು ಬಿಲ್ಲೆಯ ಅಕ್ಷರಕ್ಕೆ 'ನಡು' ಎಂದೂ 'ಗುರಿ ತಾಗುವುದು' ಎಂದೂ ಅರ್ಥ. ಹಸಿರಿನದು ಸಿರಿವಂತಿಕೆಯನ್ನು ಹಾರೈಸುವ ಮಾತಿನ ಮೊದಲ ಅಕ್ಷರ. ಬಿಳಿಯದು ಬರಿಯ ಬಿಳಿ. ಸೂಚೌನಲ್ಲಿ ಅಮೆರಿಕದ ತೈಲ ಕಂಪೆನಿಯೊಂದರ ಕೆಲಸದಲ್ಲಿದ್ದ ಜೋಸೆಫ್ ಪಾರ್ಕ್ ಬ್ಯಾಬ್‌ಕಾಕ್ ಎಂಬಾತ 1920ರಲ್ಲಿ ಈ ಆಟದ ಸರಳ ನಿಯಮಗಳನ್ನು ಇಂಗ್ಲಿಷಿನಲ್ಲಿ ಅಚ್ಚು ಮಾಡಿಸಿದ. ಮೂಲೆಯಲ್ಲಿ ನಮ್ಮ ನಿಮ್ಮ ಅಂಕಗಳನ್ನು ಕೆತ್ತಿದ ಬಿಲ್ಲೆಗಳು ಹಡಗು ಹತ್ತಿ ಅಮೆರಿಕಕ್ಕೆ ಹೋದವು. ಒಂದೆರಡು ವರ್ಷಗಳಲ್ಲಿ ಅಲ್ಲಿ ಮಾಜಾಂಗಿನ ಹುಚ್ಚೇ ಹಬ್ಬಿತು. ಎಲುಬು ಸಾಲದೆ ಅಮೆರಿಕದ ಕಸಾಯಿಖಾನೆಗಳಿಂದಲೇ ದನದ ಎಲುಬುಗಳನ್ನು ಷಾಂಘೈಗೆ ಸಾಗಿಸಬೇಕಾಯಿತಂತೆ. ಆಟದ ಜೊತೆಯಲ್ಲಿ ಪಾಶ್ಚಾತ್ಯರು ಕೊಟ್ಟ ಹೆಸರುಗಳೂ ಊರಿದವು. ಡೆರೆಕ್ ವಾಲ್ಟರ್ಸ್ ಎಂಬ ಲೇಖಕರು 1988ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪುಸ್ತಕವೊಂದರಿಂದ ಮಾಜಾಂಗ್ ಕಣಿ ಯೂರೋಪು ಅಮೆರಿಕಗಳ ಓದುಗರಲ್ಲಿ ಪ್ರಚಾರ ಪಡೆಯಿತು. ಈ ಬಗೆಯ ಕಣಿಯಲ್ಲಿ 'ಬಿದಿರು' ಪಂಗಡದ ನಾಲ್ಕು ಎಂದರೆ ಮೀನು, ಏಳು ಎಂದರೆ ಆಮೆ. ಬಿಲ್ಲೆಯನ್ನು ಭೂತಗನ್ನಡಿಯಿಂದ ನೋಡಿದರೂ ಅಲ್ಲಿ ಮೀನಾಗಲಿ ಆಮೆಯಾಗಲಿ ಇಲ್ಲ. ನಾಲ್ಕು ಸರಗಳಿವೆ, ಏಳು ಸರಗಳಿವೆ.

ಚೀನೀಯರು ಬಿಲ್ಲೆಗಳಿಂದ ಶಕುನವನ್ನೇ ನೋಡುವುದಿಲ್ಲವೆಂದು ಇದರ ತಾತ್ಪರ್ಯವಲ್ಲ. ಅಲ್ಲಿ 32 ಬಿಲ್ಲೆಗಳ ಡಾಮಿನೊ ಆಟವೊಂದುಂಟು. ಅದರಿಂದ ಕಣಿ ಕೇಳುವ ಸಂಪ್ರದಾಯ ಹಳೆಯದು. ಬಿಲ್ಲೆಗಳನ್ನು ಕಲಸಿ ಸಾಲಾಗಿಟ್ಟು, ಕೂಡಿಬಂದ ಗುಂಪುಗಳಿಗೆ ಅಂಕ ಹಾಕಿ, ಮೊತ್ತವನ್ನು ಉತ್ತಮದಿಂದ ಅಧಮದವರೆಗೆ ಐದು ದರ್ಜೆಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಮೂರು ಬಾರಿ ಹೀಗೆ ಮಾಡಿದರೆ 5 × 5 × 5, ಎಂದರೆ 125 ಫಲಗಳು. ಪುಸ್ತಕದಲ್ಲಿ 125 ಪದ್ಯಗಳು ಸಿದ್ಧವಾಗಿವೆ. ಕೋಟ್ಯಂತರ ಮಂದಿಯ ಬಾಳನ್ನು ಹಂಚಿಹಾಕಲು 125 ಖಾನೆಗಳಿದ್ದರೆ ಸಾಕು ಎಂಬುದನ್ನು ಇಲ್ಲಿ ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಮ್ಮಲ್ಲಿಯ ಗಿಣಿಶಾಸ್ತ್ರದವನ ಎಲೆಗಳ ಕಟ್ಟು ಇದಕ್ಕಿಂತಲೂ ಚಿಕ್ಕದಾಗಿತ್ತು. (1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ಗಿಣಿಗಳನ್ನು ಪಂಜರದಲ್ಲಿಡುವುದೇ ಅಪರಾಧ.)

ಇಸ್ಪೀಟು ಕಣಿಯ ಜನ್ಮವೃತ್ತಾಂತ

ಇಸ್ಪೀಟಿನ ಎಲೆಗಳು ಯೂರೋಪಿಗೆ ಬಂದುದು 1370ರ ದಶಕದಲ್ಲಿ, ಮಾಮ್ಲೂಕ್ ಅರಸರ ಈಜಿಪ್ಟಿನ ಕಡೆಯಿಂದ. ಅಂದಿನಿಂದ ಸುಮಾರು ನಾಲ್ಕು ನೂರು ವರ್ಷ ಅವು ಮುಖ್ಯವಾಗಿ ಆಟದ ಸಾಮಗ್ರಿಗಳು. ಇಂದು ಕಣಿಗೆಂದೇ ಹೆಸರಾಗಿರುವ ಟ್ಯಾರೊ ಎಲೆಗಳೂ ಹದಿನೈದನೆಯ ಶತಮಾನದ ಉತ್ತರ ಇಟಲಿಯಲ್ಲಿ ಆಟಕ್ಕಾಗಿಯೇ ಹುಟ್ಟಿದವು. ಎಲೆಗಳಿಂದ ಭವಿಷ್ಯ ಹೇಳುವುದನ್ನು ಒಂದು ಶಾಸ್ತ್ರವಾಗಿ ಬರೆದು 1770ರಲ್ಲಿ ಪ್ರಕಟಿಸಿದವನು ಪ್ಯಾರಿಸಿನ ಅಲ್ಲಿಯೆಟ್ ಎಂಬಾತ. ಆತ ಬಳಸಿದ್ದು 32 ಎಲೆಗಳ ಫ್ರೆಂಚ್ ಕಟ್ಟನ್ನು. ಪುಸ್ತಕದ ಹೆಸರಿನಲ್ಲಿಯೇ ಇದು ಇಸ್ಪೀಟಿನಿಂದ ವಿನೋದಪಡುವ ವಿಧಾನ ಎಂಬ ಮಾತಿದೆ! ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿ ಬರೆದು ಎತ್ತೆಯಾ ಎಂಬ ಅಂಕಿತವನ್ನಿಟ್ಟುಕೊಂಡ ಈತನೇ, ಎಲೆ ತಲೆಕೆಳಗಾಗಿ ಬಿದ್ದರೆ ಅರ್ಥವೂ ಬೇರೆಯಾಗುತ್ತದೆ ಎಂಬ ನಿಯಮವನ್ನು ಪ್ರಚಾರಕ್ಕೆ ತಂದವನು.

ಹನ್ನೊಂದು ವರ್ಷಗಳ ತರುವಾಯ, 1781ರಲ್ಲಿ, ಕೂರ್ ದ ಜೆಬೆಲಾನ್ ಎಂಬ ಪಂಡಿತ ಟ್ಯಾರೊ ಎಲೆಗಳು ಪ್ರಾಚೀನ ಈಜಿಪ್ಟಿನ ಪುರೋಹಿತರ ಗುಪ್ತಗ್ರಂಥವೆಂದು ಸಾರಿದ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯಾನ್ ಓದಿದ್ದು 1822ರಲ್ಲಿ. ಎಂದರೆ ಆ ಲಿಪಿಯ ಒಂದು ಸಾಲನ್ನೂ ಓದಬಲ್ಲವರು ಇಲ್ಲದಿದ್ದ ಕಾಲದಲ್ಲಿ ಈ ಸಿದ್ಧಾಂತ ಹೊರಟಿತು. ಲಿಪಿಯನ್ನು ಓದಿದ ಮೇಲೆಯೂ ಅದಕ್ಕೆ ಆಧಾರವೇನೂ ದೊರೆಯಲಿಲ್ಲ. ಆದರೂ ಈಜಿಪ್ಟಿನ ಮಾತು ಇಂದಿಗೂ ನಿಂತಿಲ್ಲ. ಎಲೆಗಳ ಮೇಲೆ ಗೂಢವಾದ ಚಿತ್ರಗಳಿದ್ದ ಮಾತ್ರಕ್ಕೆ ಅವು ಮಂತ್ರಸಾಧನಗಳಾಗಬೇಕಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 'ಶ್ರೀತತ್ತ್ವನಿಧಿ'ಯಲ್ಲಿ ವಿವರಿಸಿರುವ ಮೈಸೂರು ಗಂಜೀಫಾ ಎಲೆಗಳ ಮೇಲೆ ದೇವಾನುದೇವತೆಗಳೇ ಇದ್ದಾರೆ. ಅವು ಅರಮನೆಯಲ್ಲಿ ಕುಳಿತು ಆಡುವ ಆಟದ ಎಲೆಗಳು. ಜೆಬೆಲಾನನ ಕಣ್ಣಿಗೆ ಅವು ಬಿದ್ದಿದ್ದರೆ ಇನ್ನಾವ ಗ್ರಂಥ ಹೊರಡುತ್ತಿತ್ತೋ!

ಕಲಸುವುದರ ಭೌತಶಾಸ್ತ್ರ

ಅರ್ಥಗಳು ಹೇಗಾದರೂ ಬಂದಿರಲಿ, ಬಿಲ್ಲೆ ಮಾತ್ರ ಸರಿಯಾದವನ ಕೈಗೆ ಸರಿಯಾದ ಹೊತ್ತಿನಲ್ಲಿ ಬರುತ್ತದೆ ಎಂಬುದು ನಂಬುವವರ ವಾದ. ಇದನ್ನು ಪರಿಶೀಲಿಸಲು ಮೇಜಿನ ಮೇಲೆ ನಡೆಯುವುದೇನೆಂಬುದನ್ನು ನೋಡಬೇಕು. ಬಿಲ್ಲೆಗಳು ಪರಸ್ಪರ ಡಿಕ್ಕಿ ಹೊಡೆದು, ಜಾರಿ, ತಿರುಗಿ ನೆಲೆಗೆ ನಿಲ್ಲುತ್ತವೆ. ಪ್ರತಿಯೊಂದು ಡಿಕ್ಕಿಯೂ ನ್ಯೂಟನ್ನನ ನಿಯಮಗಳಿಗೆ ಒಳಪಟ್ಟದ್ದೇ. ಇಲ್ಲಿ ಕಾರಣವಿಲ್ಲದೆ ನಡೆದುದು ಯಾವುದೂ ಇಲ್ಲ. ಆದರೆ ಮೊದಲ ತಾಡನದ ಕೋನ ಕೂದಲೆಳೆಯಷ್ಟು ಬದಲಾದರೆ ಹತ್ತನೆಯ ಡಿಕ್ಕಿಯ ವೇಳೆಗೆ ಬಿಲ್ಲೆ ಮೇಜಿನ ಮತ್ತೊಂದು ಮೂಲೆಯಲ್ಲಿರುತ್ತದೆ. ನಮ್ಮ ಗಮನಕ್ಕೆ ಬಾರದಷ್ಟು ಸಣ್ಣ ಕಾರಣ ಕಣ್ಣಿಗೆ ರಾಚುವಷ್ಟು ದೊಡ್ಡ ಪರಿಣಾಮವನ್ನು ಉಂಟುಮಾಡಿದಾಗ ಅದನ್ನು ನಾವು ಆಕಸ್ಮಿಕವೆನ್ನುತ್ತೇವೆ ಎಂಬ ವಿಚಾರವನ್ನು ಫ್ರಾನ್ಸಿನ ಗಣಿತಜ್ಞ ಪ್ವಾಂಕಾರೆ 1908ರಲ್ಲಿ ಪ್ರತಿಪಾದಿಸಿದ್ದ. ಮೇಜಿನ ಮೇಲಿನ ಬಿಲ್ಲೆಗಳೇ ಇದಕ್ಕೆ ಉತ್ತಮ ನಿದರ್ಶನ.

ಬಿಲ್ಲೆಯ ಸ್ಥಾನದಲ್ಲಿ ಅಡಗಿರುವುದು ಅದರ ಹಿಂದಿನ ಡಿಕ್ಕಿಗಳ ಚರಿತ್ರೆ. ಇಸ್ಪೀಟಿನ ಕಟ್ಟಿನ ವಿಷಯದಲ್ಲಿ ಇದನ್ನು ಲೆಕ್ಕ ಹಾಕಿಯೇ ತೋರಿಸಿದ್ದಾರೆ. 52 ಎಲೆಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆ 8ರ ಮುಂದೆ 67 ಸೊನ್ನೆಗಳನ್ನು ಬರೆದಷ್ಟು. ಕಟ್ಟನ್ನು ಎರಡು ಪಾಲು ಮಾಡಿ ಒಂದರೊಳಗೊಂದು ಹೆಣೆಯುವ ರೀತಿಯಲ್ಲಿ ಕಲಸಿದರೆ, ಎಲೆಗಳು ಚೆನ್ನಾಗಿ ಬೆರೆಯಲು ಸುಮಾರು ಏಳು ಬಾರಿ ಬೇಕೆಂದು ಬೇಯರ್ ಮತ್ತು ಡಯಕೋನಿಸ್ ಎಂಬ ಗಣಿತಜ್ಞರು 1992ರಲ್ಲಿ ಸಾಧಿಸಿದರು. ಎರಡು ಮೂರು ಬಾರಿ ಮಾತ್ರ ಕಲಸಿದ ಕಟ್ಟಿನಲ್ಲಿ ಮೊದಲಿನ ಕ್ರಮದ ಗುರುತು ಉಳಿದಿರುತ್ತದೆ. ಎಂದರೆ ನಿಮ್ಮ ಮುಂದೆ ಹರಡಿದ ಎಲೆಗಳಲ್ಲಿ ಏನಾದರೂ ಸುದ್ದಿ ಇದ್ದರೆ ಅದು ನಿಮಗಿಂತ ಮುಂಚೆ ಬಂದು ಹೋದವನ ಕಟ್ಟಿನ ಸುದ್ದಿ!

ಇಲ್ಲಿ ಒಂದು ಎಚ್ಚರಿಕೆ. ಅಭ್ಯಾಸವುಳ್ಳ ಮಾಜಾಂಗ್ ಆಟಗಾರರು ಬಿಲ್ಲೆಯ ಮುಖವನ್ನು ನೋಡದೆ, ಹೆಬ್ಬೆರಳಿನಿಂದ ಸವರಿಯೇ ಅದು ಯಾವುದೆಂದು ಹೇಳಬಲ್ಲರು. ಬಿದಿರಿನ ಬೆನ್ನಿನ ನಾರುಗಳ ಗೆರೆ ಒಂದೊಂದು ಬಿಲ್ಲೆಗೂ ಒಂದೊಂದು ಬಗೆ. ಗುರುತಿಟ್ಟುಕೊಂಡವನಿಗೆ ಬೆನ್ನೇ ಮುಖ. ಆದುದರಿಂದ ಯಾರಾದರೂ ಬಿಲ್ಲೆಯನ್ನು ಕಾಣದೆಯೇ ಹೇಳಿದರೆಂದು ಕೇಳಿದಾಗ ದಿವ್ಯದೃಷ್ಟಿಗಿಂತ ಮೊದಲು ಹೆಬ್ಬೆರಳನ್ನು ವಿಚಾರಿಸುವುದು ಮೇಲು.

ಇನ್ನು ಲೆಕ್ಕಕ್ಕೆ ಬರೋಣ. 144ರಿಂದ 13 ಬಿಲ್ಲೆಗಳನ್ನು ಆರಿಸುವ ವಿಕಲ್ಪಗಳು ಸುಮಾರು ಹತ್ತು ಸಾವಿರ ಕೋಟಿ ಕೋಟಿ. ಇಷ್ಟೊಂದು ವಿಕಲ್ಪಗಳಲ್ಲಿ ನನಗೇ ಈ ಜೋಡಿ ಬಂದಿತಲ್ಲ ಎಂದು ಕೇಳುವವನು ಬೆರಗಾಗುವುದು ಸಹಜ. ಕಣಿಯವನು 'ನೋಡಿ, ಒಂದೇ ಬಿಲ್ಲೆ ಎರಡು ಬಾರಿ ಬಂದಿದೆ, ಇದು ಅಪೂರ್ವ' ಎಂದರಂತೂ ಮುಗಿಯಿತು. ಆದರೆ 13 ಬಿಲ್ಲೆಗಳಲ್ಲಿ ಕಡಮೆ ಪಕ್ಷ ಒಂದು ಜೋಡಿ ಇರುವ ಸಂಭವ ನೂರಕ್ಕೆ ಸುಮಾರು 83! ಜೋಡಿಯೇ ಇಲ್ಲದ ಹದಿಮೂರನ್ನು ಎತ್ತುವುದೇ ಅಪೂರ್ವ. ಮೂರು ಬಣ್ಣದ 'ಡ್ರ್ಯಾಗನ್'ಗಳಲ್ಲಿ ಒಂದಾದರೂ ಕಾಣಿಸಿಕೊಳ್ಳುವ ಸಂಭವ ನೂರಕ್ಕೆ 69. ಕಾಲೇಜಿನ ವಿದ್ಯಾರ್ಥಿಗಳು ಈ ಎರಡನ್ನೂ ತಾವೇ ಗಣಿಸಿ ನೋಡಬಹುದು. ಎರಡನೆಯದು ಸುಲಭ, ಮೊದಲನೆಯದಕ್ಕೆ ಎಂಟು ಒಂಟಿ ಬಿಲ್ಲೆಗಳನ್ನು ಮರೆಯದಿರಬೇಕು.

ಒಂದು ಕಪ್ಪು ಎಲೆ

ಕೆಲವು ವರ್ಷಗಳ ಹಿಂದೆ ನಮ್ಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬ ಪಾಠ ಮುಗಿದ ಮೇಲೆ ನಿಂತು ಕೇಳಿದ ಪ್ರಶ್ನೆ ಇದು: "ಸಾರ್, ಆಕಸ್ಮಿಕ ಅಂತ ನೀವು ಹೇಳಿದಿರಿ. ನಮ್ಮ ತಂದೆಯವರ ವಿಷಯದಲ್ಲಿ ಎಲೆ ಹೇಳಿದ್ದು ನಿಜವಾಯಿತಲ್ಲ?" ಆತನ ತಂದೆಗೆ ಹರ್ನಿಯಾ ಶಸ್ತ್ರಚಿಕಿತ್ಸೆ ನಿಶ್ಚಯವಾಗಿತ್ತು. ಬಂಧುವೊಬ್ಬರು ಇಸ್ಪೀಟು ನೋಡಿ ಹೇಳುವವನಲ್ಲಿಗೆ ಕರೆದೊಯ್ದರು. ಆತ 13 ಎಲೆಗಳನ್ನು ಹರಡಿದ; ಅದರಲ್ಲಿ ಇಸ್ಪೀಟಿನ ಎಕ್ಕ ಇತ್ತು. ಅಪಾಯ ಕಾದಿದೆ, ಕತ್ತಿ ಸೋಕಬಾರದು ಎಂದ. ಚಿಕಿತ್ಸೆಯನ್ನು ಮುಂದೂಡಿದರು. ಮೂರು ವಾರಗಳ ಮೇಲೆ ಒಂದು ರಾತ್ರಿ ಕರುಳು ಸಿಕ್ಕಿಕೊಂಡು, ಪ್ರಾಣಕ್ಕೆ ಬಂದಾಗ ಆಸ್ಪತ್ರೆಗೆ ಒಯ್ದು ತುರ್ತು ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಬದುಕಿದರು, ಆದರೆ ಮನೆಯವರು ಸಾಲದಲ್ಲಿ ಬಿದ್ದರು. ಅಪಾಯ ಬಂದಿತಷ್ಟೆ, ಎಲೆ ಸುಳ್ಳಾಡಲಿಲ್ಲ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು.

ನಾನು ಹಲಗೆಯ ಮೇಲೆ ಒಂದೇ ಭಿನ್ನರಾಶಿಯನ್ನು ಬರೆದೆ: 13/52. ಹದಿಮೂರು ಎಲೆಗಳನ್ನು ಹರಡುವವನ ಮುಂದೆ ಇಸ್ಪೀಟಿನ ಎಕ್ಕ ಬರುವ ಸಂಭವ ನಾಲ್ಕರಲ್ಲಿ ಒಂದು. ದಿನಕ್ಕೆ ಹನ್ನೆರಡು ಮಂದಿ ಬಂದರೆ ಸರಾಸರಿ ಮೂವರಿಗೆ ಅದೇ ಎಲೆ, ಅದೇ ಎಚ್ಚರಿಕೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಅಪಾಯ ಬಂದದ್ದು ನಿಜ ತಾನೆ ಸಾರ್?" ಎಂದ. ನಿಜವೇ. ಹರ್ನಿಯಾವನ್ನು ಚಿಕಿತ್ಸೆಯಿಲ್ಲದೆ ಬಿಟ್ಟರೆ ಕರುಳು ಸಿಕ್ಕಿಕೊಳ್ಳುವ ಸಂಭವವುಂಟೆಂದು ವೈದ್ಯರು ಮೊದಲೇ ಹೇಳಿದ್ದರಂತೆ. ಅಪಾಯವನ್ನು ತಂದುದು ಎಲೆಯನ್ನು ನಂಬಿ ಕಳೆದ ಮೂರು ವಾರಗಳು. ಚಿಕಿತ್ಸೆ ಮುಂಚೆಯೇ ನಡೆದು ಸುಖವಾಗಿ ಮುಗಿದಿದ್ದರೆ ಕಣಿಯವನು ಏನೆನ್ನುತ್ತಿದ್ದ? 'ನಾನು ಎಚ್ಚರಿಸಿದೆ, ನೀವು ಹರಕೆ ಹೊತ್ತಿರಿ, ತಪ್ಪಿತು' ಎನ್ನುತ್ತಿದ್ದ. ಹೀಗಾದರೂ ಸರಿ, ಹಾಗಾದರೂ ಸರಿ ಎನ್ನುವ ಮಾತು ಪ್ರಯೋಗಶಾಲೆಯಲ್ಲಿ ಸಲ್ಲುವುದಿಲ್ಲ. ಸೂಜಿ ಎತ್ತ ತಿರುಗಿದರೂ ವಿದ್ಯುತ್ತು ಹರಿಯುತ್ತಿದೆ, ತಿರುಗದಿದ್ದರೂ ಹರಿಯುತ್ತಿದೆ ಎಂದು ಬರೆದ ವಿದ್ಯಾರ್ಥಿಗೆ ನಾವು ಅಂಕ ಕೊಡುವೆವೆ?

ಕೇಳುವವನ ಪಾಲು

ಕಣಿ ಹೊಂದಿಕೆಯಾಗುವಂತೆ ತೋರುವುದರಲ್ಲಿ ಕೇಳುವವನ ಪಾಲೂ ದೊಡ್ಡದು. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆಯೊಂದನ್ನು ಕೊಟ್ಟ. ಒಂದು ವಾರ ಕಳೆದು ಪ್ರತಿಯೊಬ್ಬನಿಗೂ ಅವನವನ ಗುಣಚಿತ್ರವೆಂದು ಒಂದು ಹಾಳೆಯನ್ನು ಹಂಚಿ, ಅದು ಎಷ್ಟು ಸರಿಯಾಗಿದೆಯೆಂದು 5ರವರೆಗೆ ಅಂಕ ಹಾಕಲು ಹೇಳಿದ. ಸರಾಸರಿ 4.26 ಬಂದಿತು. ಎಲ್ಲರ ಹಾಳೆಯಲ್ಲಿಯೂ ಇದ್ದುದು ಒಂದೇ ಬರಹ! ಅದರ ಬಹುಭಾಗವನ್ನು ಆತ ಪತ್ರಿಕೆಯಂಗಡಿಯಲ್ಲಿ ಕೊಂಡ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದ. 'ನಿಮಗೆ ಶಕ್ತಿಯಿದೆ, ಆದರೆ ಪೂರ್ತಿ ಬಳಸಿಲ್ಲ' ಎಂಬ ಬಗೆಯ ಮಾತನ್ನು ಅಲ್ಲಗಳೆಯುವವರು ಯಾರು? ಮೇಲೆ ಹೇಳಿದ 125 ಪದ್ಯಗಳು ಕೋಟಿ ಜನರಿಗೆ ಸಾಕಾಗುವುದು ಹೀಗೆ.

ಇದಕ್ಕಿಂತ ರುಚಿಕರವಾದುದು ರೇ ಹೈಮನ್ ಎಂಬ ಮನಶ್ಶಾಸ್ತ್ರಜ್ಞರ ಅನುಭವ. ತಾರುಣ್ಯದಲ್ಲಿ ಅವರು ಹಸ್ತಸಾಮುದ್ರಿಕವನ್ನು ನಂಬಿ, ಅದರಿಂದ ಕೈಖರ್ಚಿಗೆ ಸಂಪಾದಿಸುತ್ತಿದ್ದರು. ಗಿರಾಕಿಗಳು ಬಹಳ ತೃಪ್ತರಾಗಿದ್ದರು. ವೃತ್ತಿಯಿಂದ ಮನೋಚಮತ್ಕಾರ ತೋರಿಸುವ ಮಿತ್ರರೊಬ್ಬರು, ರೇಖೆಗಳು ಏನು ಹೇಳುತ್ತವೆಯೋ ಅದಕ್ಕೆ ಸರಿಯಾಗಿ ವಿರುದ್ಧವಾದುದನ್ನು ಹೇಳಿ ನೋಡು ಎಂದು ಸಲಹೆ ಕೊಟ್ಟರು. ಹೈಮನ್ ಹಾಗೆಯೇ ಮಾಡಿದರು. ತೃಪ್ತಿ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಮಾಜಾಂಗಿನಲ್ಲಿ ಇದೇ ಪ್ರಯೋಗ ಯಾರೂ ಯೋಜಿಸದೆ ನಡೆದುಹೋಗಿದೆ. ಕಾಸಿನ ಸರ ಬಿದಿರಾಯಿತು, 'ಗುರಿ ತಾಗುವುದು' ಡ್ರ್ಯಾಗನ್ ಆಯಿತು. ಬಿಲ್ಲೆಗಳ ಅರ್ಥವೆಲ್ಲ ಸಮುದ್ರ ದಾಟುವಾಗ ಬದಲಾಯಿತು. ಆದರೂ ಬಿಲ್ಲೆ ತನ್ನ ಬಾಳನ್ನೇ ಓದಿತೆಂದು ಮೆಚ್ಚುವ ಗಿರಾಕಿಗಳಿಗೆ ಕೊರತೆಯಾಗಲಿಲ್ಲ. ಶಬ್ದಕೋಶವನ್ನು ಬದಲಾಯಿಸಿದರೂ ವಾಕ್ಯ ಕೆಡದೆ ಉಳಿದರೆ ಆ ವಾಕ್ಯ ಶಬ್ದಕೋಶದಿಂದ ಬಂದುದಲ್ಲವೆಂದು ತಾನೆ ಅರ್ಥ?

ಅದೇ ಕಟ್ಟಿನಿಂದ ಹೊರಟ ಇನ್ನೊಂದು ದಾರಿ

ದಾಳ, ಎಲೆ, ಬಿಲ್ಲೆಗಳನ್ನು ಹಿಡಿದು ಮುಂದೇನಾಗುವುದೆಂದು ಕೇಳಿದವರೆಲ್ಲರೂ ಕಣಿಯವರಾಗಲಿಲ್ಲ. ಹದಿನಾರನೆಯ ಶತಮಾನದ ಇಟಲಿಯ ವೈದ್ಯ ಕಾರ್ಡಾನೊ ಸ್ವತಃ ಜ್ಯೋತಿಷಿ, ಜೊತೆಗೆ ದೊಡ್ಡ ಜೂಜುಗಾರ. ಜೂಜಿನ ಮೇಜಿನಲ್ಲಿ ಮಾತ್ರ ಆತ ಗ್ರಹಗಳನ್ನು ನೆಚ್ಚದೆ ಎಣಿಕೆಯನ್ನು ನೆಚ್ಚಿದ. ಈ ವಿಷಯವಾಗಿ ಬರೆದ ಪುಸ್ತಕ ಅವನು ಸತ್ತ ಮೇಲೆ, 1663ರಲ್ಲಿ ಅಚ್ಚಾಯಿತು. ಅಷ್ಟರೊಳಗೆ 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬ ಮಹಾಗಣಿತಜ್ಞರು ಜೂಜಿನ ಸಮಸ್ಯೆಗಳನ್ನು ಕುರಿತು ಪತ್ರಗಳನ್ನು ಬರೆದುಕೊಂಡು ಸಂಭಾವ್ಯತಾ ಸಿದ್ಧಾಂತಕ್ಕೆ ಅಡಿಗಲ್ಲಿಟ್ಟಿದ್ದರು. ಒಂದು ದಾಳವನ್ನು ನಾಲ್ಕು ಬಾರಿ ಎಸೆದರೆ ಒಂದು ಆರಾದರೂ ಬೀಳುವ ಸಂಭವ ನೂರಕ್ಕೆ 51.8, ಎರಡು ದಾಳಗಳನ್ನು 24 ಬಾರಿ ಎಸೆದರೆ ಜೋಡಿ ಆರು ಬೀಳುವ ಸಂಭವ 49.1. ಅರ್ಧಕ್ಕಿಂತ ಒಂದಿಷ್ಟು ಹೆಚ್ಚು, ಒಂದಿಷ್ಟು ಕಡಮೆ. ಈ ಕೂದಲೆಳೆಯ ಅಂತರವೂ ಆ ಕಾಲದ ಚರ್ಚೆಗೆ ವಿಷಯವಾಗಿತ್ತು.

ನಮ್ಮ ಓದುಗರಿಗೆ ಇಲ್ಲಿ ನಳನ ಕಥೆ ನೆನಪಾಗಬೇಕು. ಜೂಜಿನಲ್ಲಿ ರಾಜ್ಯವನ್ನೆಲ್ಲ ಸೋತ ನಳ ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾಗಿ ಹೋಗುತ್ತಿರುವಾಗ, ಋತುಪರ್ಣ ತಾರೆಯ ಮರವೊಂದರ ಎಲೆಗಳ, ಕಾಯಿಗಳ ಸಂಖ್ಯೆಯನ್ನು ನೋಡಿದ ಮಾತ್ರದಿಂದ ಹೇಳುತ್ತಾನೆ. ನಳ ನಂಬದೆ ರಥ ನಿಲ್ಲಿಸಿ ಎಣಿಸುತ್ತಾನೆ, ಲೆಕ್ಕ ಸರಿಹೋಗುತ್ತದೆ. ಎಣಿಕೆಯ ಈ ವಿದ್ಯೆಯೂ ಪಗಡೆಯ ಮರ್ಮವಾದ ಅಕ್ಷಹೃದಯವೂ ಒಂದೇ ಜ್ಞಾನದ ಎರಡು ಮುಖಗಳೆಂಬಂತೆ ಭಾರತದ ಅರಣ್ಯಪರ್ವ ಹೇಳುತ್ತದೆ. ತಾರೆಯ ಕಾಯಿಗಳೇ ಅಂದು ದಾಳಗಳಾಗಿದ್ದವೆಂಬುದನ್ನೂ ಸೇರಿಸಿಕೊಂಡರೆ ಪ್ರಸಂಗ ಇನ್ನೂ ಸೊಗಸಾಗುತ್ತದೆ. ನಳನ ದುರ್ದೆಸೆಗೆ ಮದ್ದಾಗಿ ದೊರೆತುದು ಶಕುನವಲ್ಲ, ಗಣನೆ. ಇದನ್ನು ಇಂದಿನ ಸಂಖ್ಯಾಶಾಸ್ತ್ರವೆಂದು ಹೊಗಳುವುದು ಅತಿಯಾದೀತು. ಆದರೆ ದಾಳಕ್ಕೂ ಎಣಿಕೆಗೂ ನಂಟುಂಟೆಂದು ಆ ಕವಿಗೆ ಹೊಳೆದಿತ್ತು.

ಪಾಸ್ಕಲನ ದಾರಿ ಎಲ್ಲಿಗೆ ಹೋಯಿತು? 1860ರಲ್ಲಿ ಮ್ಯಾಕ್ಸ್‌ವೆಲ್ ಅದನ್ನು ಅನಿಲಗಳ ಅಣುಗಳಿಗೆ ಅನ್ವಯಿಸಿದ. ಒಂದು ಘನ ಸೆಂಟಿಮೀಟರು ಗಾಳಿಯಲ್ಲಿ 27ರ ಮುಂದೆ 18 ಸೊನ್ನೆಗಳಷ್ಟು ಅಣುಗಳು ಮಾಜಾಂಗ್ ಬಿಲ್ಲೆಗಳಂತೆ ಡಿಕ್ಕಿ ಹೊಡೆಯುತ್ತ ಸದಾ ಕಲಸಿಹೋಗುತ್ತಿರುತ್ತವೆ. ಯಾವುದೊಂದು ಅಣುವಿನ ಮುಂದಿನ ಕ್ಷಣವನ್ನೂ ಯಾರೂ ಹೇಳಲಾರರು. ಆದರೆ ಎಲ್ಲವೂ ಸೇರಿ ಗೋಡೆಯನ್ನು ಎಷ್ಟು ಬಲದಿಂದ ಒತ್ತುತ್ತವೆ, ಕಾಯಿಸಿದರೆ ಎಷ್ಟು ಹೆಚ್ಚು ಒತ್ತುತ್ತವೆ ಎಂಬುದನ್ನು ನಿಖರವಾಗಿ ಹೇಳಬಹುದು. ನಿಮ್ಮ ಪ್ರಯೋಗಶಾಲೆಯಲ್ಲಿ ನೀವೇ ಅಳೆಯಬಹುದು. ಇದೂ ಒಂದು ಭವಿಷ್ಯವೇ. ಆದರೆ ಇದು ಒಬ್ಬನ ಹೆಸರು ಹಿಡಿದು ಕರೆಯುವುದಿಲ್ಲ, ಆದ್ದರಿಂದಲೇ ಇದಕ್ಕೆ ಗಿರಾಕಿ ಕಡಮೆ.

ನೀವೇ ಮಾಡಿ ನೋಡಬಹುದಾದ ಪ್ರಯೋಗ

ಎಲೆಗಳನ್ನು ಕಾಣದೆ ಅರಿಯುವ ಶಕ್ತಿಯುಂಟೆ ಎಂಬುದನ್ನು ಪರೀಕ್ಷಿಸಲು ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಜೆ. ಬಿ. ರೈನ್ ಪ್ರಯೋಗಗಳನ್ನು ನಡೆಸಿ 1934ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ. ಆತ ಬಳಸಿದ ಕಟ್ಟಿನಲ್ಲಿ 25 ಎಲೆಗಳು. ವೃತ್ತ, ಕೂಡು ಚಿಹ್ನೆ, ಅಲೆಗಳು, ಚೌಕ, ನಕ್ಷತ್ರ ಎಂಬ ಐದು ಗುರುತುಗಳು ಐದೈದು ಬಾರಿ. ಯದ್ವಾತದ್ವಾ ಹೇಳಿದರೂ ಸರಾಸರಿ 5 ಸರಿಯಾಗಬೇಕು. ರೈನ್ ಇದಕ್ಕಿಂತ ಹೆಚ್ಚು ಕಂಡೆನೆಂದ. ಆದರೆ ಆರಂಭದ ಕೆಲವು ಎಲೆಗಳಲ್ಲಿ ಗುರುತು ಹಿಂಬದಿಯಿಂದಲೂ ಕಾಣುವಂತಿತ್ತೆಂಬ ಆಕ್ಷೇಪ ಬಂದಿತು. ಬಿಗಿಯಾದ ಏರ್ಪಾಟುಗಳಲ್ಲಿ ಇತರರು ನಡೆಸಿದ ಪ್ರಯೋಗಗಳಲ್ಲಿ ಆ ಶಕ್ತಿ ನಿಲ್ಲಲಿಲ್ಲ.

ಇದನ್ನು ನಿಮ್ಮ ತರಗತಿಯಲ್ಲಿಯೇ ಮಾಡಬಹುದು. ದಪ್ಪ ರಟ್ಟಿನಿಂದ 25 ಎಲೆಗಳನ್ನು ಕತ್ತರಿಸಿ ಗುರುತು ಬರೆಯಿರಿ. ಎಲೆಗಳನ್ನು ಕಲಸುವವನನ್ನು ಪರದೆಯ ಹಿಂದೆ ಕೂರಿಸಿ. ಊಹಿಸುವವನಿಗೆ ಅವನ ಮುಖವಾಗಲಿ ಕೈಯಾಗಲಿ ಕಾಣಬಾರದು. ಊಹೆಗಳನ್ನೆಲ್ಲ ಎಲೆ ಮಗುಚುವ ಮೊದಲೇ ಶಾಯಿಯಲ್ಲಿ ಬರೆಸಿಕೊಳ್ಳಿರಿ. ಸೀಸದಕಡ್ಡಿ ಬೇಡ. ಒಬ್ಬನು 9 ಅಥವಾ ಅದಕ್ಕಿಂತ ಹೆಚ್ಚು ಸರಿಯಾಗಿ ಹೇಳುವ ಸಂಭವ ನೂರಕ್ಕೆ ಸುಮಾರು 5. ಎಂದರೆ 40 ಮಂದಿಯ ತರಗತಿಯಲ್ಲಿ ಇಬ್ಬರು ಅಂತಹವರು ಸಿಕ್ಕೇ ಸಿಗುವರೆಂದು ನಿರೀಕ್ಷಿಸಬಹುದು. ಅವರ ಸುತ್ತ ಗೆಳೆಯರು ನೆರೆಯುವರು. ಅವರಿಗೂ ತಮ್ಮ ವಿಷಯದಲ್ಲಿ ಒಂದು ಬಗೆಯ ಅನುಮಾನ ಹುಟ್ಟುವುದುಂಟು. ಆ ಇಬ್ಬರನ್ನೇ ಮರುದಿನ ಅದೇ 25 ಎಲೆಗಳ ಮುಂದೆ ಮತ್ತೊಮ್ಮೆ ಕೂರಿಸಿ. ಆಗ ಅವರು ಗಳಿಸುವ ಅಂಕ 5ರ ಆಸುಪಾಸಿನಲ್ಲಿಯೇ ಇರುವ ಸಂಭವ ಹೆಚ್ಚು. ಇಬ್ಬರೂ ಮತ್ತೆ 9ನ್ನು ಮುಟ್ಟುವುದು ಸುಮಾರು ನಾಲ್ಕು ನೂರ ಐವತ್ತು ತರಗತಿಗಳಲ್ಲಿ ಒಂದರಲ್ಲಿ ಮಾತ್ರ; ಹಾಗೆ ಮುಟ್ಟಿದರೆ ಮೂರನೆಯ ದಿನ ಪರದೆಯನ್ನು ಬದಲಾಯಿಸಿ, ಕಲಸುವವನನ್ನೂ ಬದಲಾಯಿಸಿ, ಮತ್ತೆ ಎಣಿಸಿರಿ.